ಗ್ರಾವೆಲ್ ಸೈಕಲ್ ಕೊಳ್ಳುವ ಮುನ್ನ ಹಲ್ಲು ಎಣಿಸಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನಲ್ಲಿ ಈಚೆಗೆ ಗ್ರಾವೆಲ್ (ಜಲ್ಲಿ) ಬೈಕ್ ಎನ್ನುವ ಸೈಕಲ್‌ಗಳು ಕಾಣಿಸುತ್ತಿವೆ. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಆದರೆ ದಪ್ಪ ಟೈರು, ಡಿಸ್ಕ್ ಬ್ರೇಕು. ‘ಎಲ್ಲಾ ರಸ್ತೆಗೂ ಇದೊಂದೇ ಸಾಕು’ ಎಂದು ಮಾರುವವರು ಹೇಳುತ್ತಾರೆ. ನಾನು ಆಲ್ದೂರು ರಸ್ತೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮಳೆ ತೀರಾ ಜೋರಿದ್ದ ದಿನ ಬಿಟ್ಟರೆ ಶಾಲೆಗೆ ಹೋಗಿಬರುವುದು ಇದೇ ಸೈಕಲ್ಲಿನಲ್ಲಿ. ಹಾಗಾಗಿ ಪೋಷಕರು ‘ಮೇಡಂ, ಮಗನಿಗೆ ಇದನ್ನೇ ಕೊಡಿಸಬಹುದಾ?’ ಎಂದು ಕೇಳುತ್ತಾರೆ. ಕೊಡಿಸಿ ಎಂದೇ ಹೇಳುತ್ತೇನೆ. ಆದರೆ ಅಂಗಡಿಯಿಂದ ಬಂದ ಹಾಗೇ ಅದು ನಮ್ಮ ಮಲೆನಾಡಿಗೆ ಹೊಂದುವುದಿಲ್ಲ.

ಮೊದಲು ಇದರ ಒಳ್ಳೆಯ ಗುಣ. ನಮ್ಮಲ್ಲಿ ಒಂದೇ ದಾರಿಯಲ್ಲಿ ಡಾಂಬರು, ಕಾಂಕ್ರೀಟು, ಕಿತ್ತುಹೋದ ಜಲ್ಲಿ, ತೋಟದ ಮಣ್ಣುರಸ್ತೆ ಎಲ್ಲವೂ ಸಿಗುತ್ತವೆ. ರೇಸ್ ಸೈಕಲ್ಲಿನ ತೆಳು ಟೈರಿಗೆ 80-90 ಪಿಎಸ್ಐ ಗಾಳಿ ತುಂಬಿ ಇಲ್ಲಿ ಓಡಿಸಿದರೆ ಮೈಯೆಲ್ಲ ನಡುಗುತ್ತದೆ. ಅಗ್ಗದ ಮೌಂಟನ್ ಬೈಕಿನ ಸಸ್ಪೆನ್ಷನ್ ಭಾರವನ್ನು ಏರಿನಲ್ಲಿ ಸುಮ್ನೆ ಹೊತ್ತುಕೊಂಡು ಹೋದ ಹಾಗಾಗುತ್ತದೆ. ಇದು ಎರಡರ ನಡುವೆ ನಿಲ್ಲುತ್ತದೆ. ನನ್ನದು 40 ಮಿಲಿಮೀಟರ್ ಟೈರು, ಗಾಳಿ 35ರಿಂದ 40 ಪಿಎಸ್ಐ. ಜಲ್ಲಿಯ ಮೇಲೂ ಹಿಡಿತ ಇರುತ್ತದೆ. ಬ್ಯಾಗು, ನೀರಿನ ಬಾಟಲಿ, ಕ್ಯಾರಿಯರ್ ಕಟ್ಟಲು ಫ್ರೇಮಿನಲ್ಲೇ ಜಾಗ ಇದೆ. ಉತ್ತರಪತ್ರಿಕೆಗಳ ಕಟ್ಟು ಬೆನ್ನ ಮೇಲೆ ಬೀಳುವುದಿಲ್ಲ!

ಈಗ ಕೊರತೆ. ಎಲ್ಲಕ್ಕಿಂತ ದೊಡ್ಡದು ಗೇರ್, ನಮ್ಮ ಏರಿಗೆ ಅದು ಭಾರ. ಈ ಸೈಕಲ್‌ಗಳ ಹೆಸರಾಂತ ಓಟ ಅಮೆರಿಕದ ಕಾನ್ಸಾಸ್‌ನ ಎಂಪೋರಿಯಾ ಊರಿನದು. 2006ರಲ್ಲಿ ಶುರುವಾದದ್ದು, 200 ಮೈಲಿ ಜಲ್ಲಿ ದಾರಿ. ಅಲ್ಲಿರುವುದು ಹುಲ್ಲುಗಾವಲಿನ ಸಣ್ಣ ಸಣ್ಣ ದಿಬ್ಬಗಳು. ನಮ್ಮದು ಹಾಗಲ್ಲ. ಕೈಮರ ಎಂಬ ಸ್ಥಳ ದಾಟಿ ಮುಳ್ಳಯ್ಯನಗಿರಿ ಕಡೆ ತಿರುಗಿದರೆ ಏರು ಬಿಡುವುದೇ ಇಲ್ಲ. ಗಿರಿಯ ತುದಿ ನಮ್ಮ ಊರಿಗಿಂತ ಸುಮಾರು 800 ಮೀಟರ್ ಮೇಲಿದೆ.

ಲೆಕ್ಕ ಹಾಕಿ ನೋಡಿ. ಇಂಥ ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಚೈನು ಕೂರುವ ಮುಂದಿನ ಹಲ್ಲುಗಾಲಿಯಲ್ಲಿ 42 ಹಲ್ಲು, ಹಿಂದಿನ ಅತಿ ದೊಡ್ಡ ಹಲ್ಲುಗಾಲಿಯಲ್ಲಿ 34 ಹಲ್ಲು ಇದ್ದರೆ ಪೆಡಲ್ಲಿನ ಒಂದು ಸುತ್ತಿಗೆ 2.7 ಮೀಟರ್. ನಿಮಿಷಕ್ಕೆ 60 ಸಲ ತುಳಿದರೆ ಗಂಟೆಗೆ 10 ಕಿಲೋಮೀಟರ್ ಹತ್ತಿರ. ಕಡಿದಾದ ಏರಿನಲ್ಲಿ ಆ ವೇಗ ಎಷ್ಟು ಜನರಿಂದ ಸಾಧ್ಯ? ಕಾಲು ನಿಧಾನವಾಗುತ್ತದೆ, ಮಂಡಿ ಹಿಡಿಯುತ್ತದೆ, ಕೊನೆಗೆ ಇಳಿದು ತಳ್ಳಬೇಕು. ಮುಂದೆ 30, ಹಿಂದೆ 40 ಇದ್ದರೆ ಅದೇ 60 ಸುತ್ತಿಗೆ ಗಂಟೆಗೆ 6 ಕಿಲೋಮೀಟರ್. ಮಾತಾಡುತ್ತಾ ಹತ್ತಬಹುದು. ಬಣ್ಣ ನೋಡುವ ಮೊದಲು ಹಲ್ಲು ಎಣಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಆಮೇಲೆ ಬದಲಿಸೋಣ ಎಂದರೆ ಗೇರ್ ಬದಲಿಸುವ ಡಿರೈಲರ್ ಅಷ್ಟು ದೊಡ್ಡ ಕ್ಯಾಸೆಟ್ (ಹಿಂದಿನ ಹಲ್ಲುಗಾಲಿಗಳ ಗುಂಪು) ಹಿಡಿಯದೇ ಇರಬಹುದು. ಆಗ ಖರ್ಚು ಜಾಸ್ತಿ.

ಎರಡನೆಯದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನ ಜೊತೆ ಮರಳೂ ಸೇರಿ ಬ್ರೇಕ್ ಪ್ಯಾಡನ್ನು ಅರೆದು ಹಾಕುತ್ತದೆ. ರಾಳ ಬೆರೆಸಿ ಮಾಡಿದ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ, ಲೋಹದ ಪ್ಯಾಡ್ ಹೆಚ್ಚು ದಿನ ಬರುತ್ತದೆ. ಆದರೆ ಪ್ಯಾಡ್ ಒತ್ತಿಹಿಡಿಯುವ ತಟ್ಟೆ, ಅಂದರೆ ರೋಟರ್ ಮೇಲೆ ‘ರೆಸಿನ್ ಮಾತ್ರ’ ಎಂದು ಅಚ್ಚಾಗಿದ್ದರೆ ಲೋಹದ್ದು ಹಾಕಬಾರದು. ಹೈಡ್ರಾಲಿಕ್ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಕೊಪ್ಪದಲ್ಲೋ ಕಳಸದಲ್ಲೋ ಆಯಿಲ್ ಸೋರಿದರೆ ಸರಿಮಾಡುವವರು ಎಲ್ಲಿ? ದೂರ ಹೋಗುವವರಿಗೆ ಕೇಬಲ್ ಡಿಸ್ಕ್ ವಾಸಿ. ಪ್ಯಾಡ್ ಸವೆದ ಹಾಗೆ ನಾವೇ ತಿರುಗಿಸಿ ಹತ್ತಿರ ತರಬಹುದು. ಮಡ್‌ಗಾರ್ಡ್ ಹೆಚ್ಚಿನವುಗಳಲ್ಲಿ ಬರುವುದೇ ಇಲ್ಲ. ಮಳೆನಾಡಿನಲ್ಲಿ ಅದಿಲ್ಲದೆ ಹೇಗೆ?

ಟ್ಯೂಬ್‌ಲೆಸ್ ಟೈರು ಮುಳ್ಳಿಗೆ ಹೆದರುವುದಿಲ್ಲ. ಆದರೆ ತೂತು ಮುಚ್ಚುವ ಒಳಗಿನ ದ್ರವ (ಸೀಲೆಂಟ್) ಕೆಲವು ತಿಂಗಳಿಗೆ ಒಣಗುತ್ತದೆ, ಮತ್ತೆ ಹಾಕಬೇಕು. ತೆಳ್ಳನೆಯ ಪ್ರೆಸ್ಟಾ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನ ಗಾಳಿ ಹಿಡಿಯುವುದಿಲ್ಲ. ಒಂದು ಪುಟ್ಟ ಅಡಾಪ್ಟರ್ ಬ್ಯಾಗಿನಲ್ಲಿರಲಿ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಎತ್ತರ ಕಡಿಮೆ ಇದ್ದವರಿಗೆ ಬೇಕಾದ ಚಿಕ್ಕ ಫ್ರೇಮಿನಲ್ಲಿ ಅದೇ ದೊಡ್ಡ ಚಕ್ರ ಹಾಕಿದರೆ, ನಿಧಾನವಾಗಿ ತಿರುಗಿಸುವಾಗ ಕಾಲಿನ ತುದಿ ಮುಂದಿನ ಚಕ್ರಕ್ಕೆ ತಗಲುತ್ತದೆ. ಬ್ರೇಕ್ ಲಿವರ್ ಬೆರಳಿಗೆ ಎಟುಕದಿದ್ದರೆ ಇಳಿಜಾರಿನಲ್ಲಿ ನಿಜಕ್ಕೂ ಅಪಾಯ. ಅದನ್ನು ಹತ್ತಿರ ತರುವ ಸ್ಕ್ರೂ ಅನೇಕ ಲಿವರ್‌ಗಳಲ್ಲಿ ಇರುತ್ತದೆ, ಕೇಳಿ ಹೊಂದಿಸಿಕೊಳ್ಳಿ.

ಇನ್ನೊಂದು ಮಾತು. ಆಲ್ದೂರು, ಮೂಡಿಗೆರೆ ಕಡೆ ಆನೆಗಳಿವೆ. ಸೈಕಲ್ಲಿಗೆ ಸದ್ದಿಲ್ಲ, ಆನೆಗೆ ನಾವು ಬರುವುದು ಗೊತ್ತಾಗುವುದಿಲ್ಲ. ಬೆಳಕು ಹರಿಯುವ ಮೊದಲು ತೋಟದ ದಾರಿ ಹಿಡಿಯಬೇಡಿ ಎಂದು ಮಕ್ಕಳಿಗೆ ಹೇಳಿ.

ನಮ್ಮ ಜಿಲ್ಲೆಯ ಸೈಕಲ್ ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಬೆಲೆಯ ಚೀಟಿಯಲ್ಲಿ ಹಿಂದುಮುಂದಿನ ಹಲ್ಲುಗಳ ಲೆಕ್ಕವನ್ನೂ ಬರೆಯಿರಿ. ಚಿಕ್ಕ ಅಳತೆಯ ಫ್ರೇಮು ತರಿಸಿಡಿ. ಕೊಳ್ಳುವವರಿಗೆ ಅಂಗಡಿ ಮುಂದಿನ ಸಪಾಟು ರಸ್ತೆಯಲ್ಲಲ್ಲ, ಕೈಮರದ ಮೇಲಿನ ಏರಿನಲ್ಲಿ ಒಂದು ಸಲ ತುಳಿದು ನೋಡಲು ಬಿಡಿ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ, ಚಿಕ್ಕಮಗಳೂರು