ಅಡ್ವೆಂಚರ್ ಬರೆಯೋರಿಗೆ

ಎಲ್ರಿಗೂ ನಮಸ್ಕಾರ, ಮುಂದಿನ ತಿಂಗ್ಳಿಂದ ನಮ್ಮ ರೋಲ್-ಪ್ಲೇಯಿಂಗ್ ಗೇಮ್ (ಒಬ್ರು ಅಡ್ವೆಂಚರ್, ಅಂದ್ರೆ ಕಥೆಯ ಸನ್ನಿವೇಶ, ಕಟ್ಕೊಡ್ತಾರೆ, ಉಳಿದೋರು ಅದ್ರಲ್ಲಿ ಪಾತ್ರಗಳಾಗಿ ಆಡ್ತಾರೆ) ನಡೆಸೋ ಸರದಿ ಹೊಸಬ್ರಿಗೂ ಬರತ್ತೆ, ಅದಕ್ಕೇ ಈ ಮೆಸೇಜು. ದಯವಿಟ್ಟು 20 ಪುಟ ಕಥೆ ಬರ್ಕೊಂಡು ಕೂತ್ಕೋಬೇಡಿ, ಆಟಗಾರ್ರು ಮೊದಲ ಹತ್ತು ನಿಮಿಷದಲ್ಲೇ ಬೇರೆ ದಾರಿ ಹಿಡೀತಾರೆ, ಬರ್ದಿದ್ದೆಲ್ಲ ಹಾಗೇ ಉಳ್ಕೊಳತ್ತೆ. ಮುಂದೇನಾಗತ್ತೆ ಅನ್ನೋದ್ ಬಿಡಿ, ಅಲ್ಲಿ ಯಾರ್ಯಾರಿದಾರೆ, ಅವ್ರಿಗೆ ಏನು ಬೇಕು, ಯಾರೂ ತಡೀದಿದ್ರೆ ನಾಳೆ ರಾತ್ರಿ ಹೊತ್ಗೆ ಏನ್ ಮಾಡ್ತಾರೆ, ಇಷ್ಟನ್ನ ಒಂದ್ ಪುಟದಲ್ಲಿ ಬರ್ಕೊಂಡ್ರೆ ಸಾಕು. ಹೋದ್ಸಲ ನನ್ನ ನೋಟ್ಸಲ್ಲಿ ದೀಪಸ್ತಂಭ ಕಾಯೋಳ ಬಗ್ಗೆ ಇದ್ದಿದ್ದು ಇಷ್ಟೇ: "ತಮ್ಮನ ಹಡಗು ಬರೋವರೆಗೂ ದೀಪ ಆರ್ಸಲ್ಲ, ಎಣ್ಣೆ ಮುಗೀತಾ ಬಂದಿದೆ, ಕದಿಯೋಕೂ ರೆಡಿ." ಅಷ್ಟ್ರಲ್ಲೇ ಎರಡು ಗಂಟೆ ಆಟ ಓಡ್ತು!

ಸುಳಿವಿನ ವಿಷ್ಯದಲ್ಲಿ ಮಾತ್ರ ಜಿಪುಣತನ ಬೇಡ. ಗೊತ್ತಾಗ್ಲೇಬೇಕಾದ ಒಂದೊಂದು ಸಂಗತಿಗೂ ಕನಿಷ್ಠ 3 ಸುಳಿವು ಇಡಿ, ಬೇರೆ ಬೇರೆ ಕಡೆ, ಯಾಕಂದ್ರೆ ಒಂದು ಕಣ್ಣಿಗೇ ಬೀಳಲ್ಲ, ಇನ್ನೊಂದನ್ನ ತಪ್ಪಾಗಿ ತಿಳ್ಕೋತಾರೆ. ಮುಖ್ಯ ಸುಳಿವು ಡೈಸ್ ಮೇಲೆ ನಿಂತಿರ್ಲೇಬಾರ್ದು, ಸರಿಯಾಗಿ ಬೀಳ್ಲಿಲ್ಲ ಅಂದ್ರೆ ಆಟ ಅಲ್ಲೇ ನಿಲ್ಲತ್ತೆ.

ಮಾನ್‌ಸ್ಟರ್ ಲೆಕ್ಕ (ಅದ್ರ ಶಕ್ತಿ, ಏಟು ಇವುಗಳ ಅಂಕಿಗಳು) ಹೊಸದಾಗಿ ಹಾಕೋದೇನ್ ಬೇಡ, ರೂಲ್‌ಬುಕ್ಕಲ್ಲಿರೋ ಕರಡಿಯದನ್ನೇ ತಗೊಂಡು ಹೆಸ್ರು, ಮೈಬಣ್ಣ, ಕೂಗು ಬದಲಾಯ್ಸಿ, ಯಾರಿಗೂ ಗೊತ್ತಾಗಲ್ಲ. ಬರ್ದಿರೋ ಆ ಒಂದ್ ಪುಟದ ಫೋಟೋ ನಂಗೆ ಪರ್ಸನಲ್ಲಾಗಿ ಕಳ್ಸಿ, ಗುಂಪಲ್ಲಿ ಹಾಕ್ಬೇಡಿ, ಆಡೋರೂ ಇಲ್ಲೇ ಇದಾರೆ.