ವೀಣೆಯ ಗೀರುಗಳಿಗೆ ಇನ್ನು ಪೂರ್ತಿ ಪಾಲಿಶ್ ಇಲ್ಲ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರಗಳು. ಸಣ್ಣಪುಟ್ಟ ಗೀರು, ತರಚು, ಮಾಸಿದ ಕಲೆಗಳಿಗಾಗಿ ಇಡೀ ವೀಣೆಯನ್ನು ಉಜ್ಜಿ ಹೊಸದಾಗಿ ಪಾಲಿಶ್ ಮಾಡಿಕೊಡುವ ಕೆಲಸವನ್ನು ನಮ್ಮ ಕಾರ್ಯಾಗಾರವು ಬರುವ ಯುಗಾದಿಯಿಂದ ನಿಲ್ಲಿಸುತ್ತಿದೆ. ಹಲವು ವರ್ಷಗಳಿಂದ ಈ ಕೆಲಸವನ್ನು ನಮಗೇ ಒಪ್ಪಿಸುತ್ತ ಬಂದಿರುವ ತಮಗೆ ಅದರ ಕಾರಣವನ್ನು ತಿಳಿಸಬೇಕಾದುದು ನಮ್ಮ ಕರ್ತವ್ಯ.

ಹಲಸಿನ ಮರದ ವೀಣೆಯಲ್ಲಿ ಕೊಡದ, ಅಂದರೆ ದುಂಡನೆಯ ಟೊಳ್ಳು ಭಾಗದ, ಬಾಯಿಯನ್ನು ಮುಚ್ಚಿರುವ ಮೇಲ್ಹಲಗೆ ತೆಳುವಾದುದು. ತಂತಿಯ ಕಂಪನ ಕುದುರೆಯ (ಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಆಸರೆಯ) ಮೂಲಕ ಇಳಿದು ನಾದವಾಗಿ ತುಂಬಿಕೊಳ್ಳುವುದು ಅಲ್ಲಿಂದಲೇ. ಪೂರ್ತಿ ಪಾಲಿಶ್ ಎಂದರೆ ಪ್ರತಿ ಸಲವೂ ಆ ಹಲಗೆಯನ್ನು ಮರಳು ಕಾಗದದಿಂದ ಒಂದಿಷ್ಟು ಸವೆಸಿ, ಮೇಲೆ ಹೊಸ ಲೇಪವನ್ನು ಹೊದಿಸುವುದು. ಅದಕ್ಕಾಗಿ ಏಳು ತಂತಿಗಳನ್ನೂ ಬಿಚ್ಚಿ ಕುದುರೆಯನ್ನು ತೆಗೆಯಬೇಕಾಗುತ್ತದೆ. ಮತ್ತೆ ಕೂರಿಸುವಾಗ ಅದು ಸ್ವಲ್ಪ ಸರಿದರೂ ದಂಡಿಯ (ವೀಣೆಯ ಉದ್ದನೆಯ ಕತ್ತಿನ) ಮೇಲೆ ಸ್ವರಕ್ಕಾಗಿ ತಂತಿಯನ್ನು ಒತ್ತುವ 24 ಮೆಟ್ಟಿಲುಗಳ ಸ್ವರಸ್ಥಾನವನ್ನು ಹೊಸದಾಗಿ ನೋಡಿಕೊಳ್ಳಬೇಕು. ಒಂದು ಗೀರಿಗಾಗಿ ಇಷ್ಟನ್ನು ಕೆದಕುವುದು ವಾದ್ಯಕ್ಕೆ ಹಿತವಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಕಳೆದ ವರ್ಷ ಒಬ್ಬರು ತಮ್ಮ ಅಜ್ಜಿಯ ವೀಣೆಯನ್ನು ತಂದಿದ್ದರು. ಬಲಗೈಯ ಮುಂದೋಳು ಊರುವ ಅಂಚಿನಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು; ಅದರ ಪಕ್ಕದಲ್ಲಿ ಗಾಜಿನ ಬಳೆ ತಾಗಿ ಆದ ಸಣ್ಣ ಸಣ್ಣ ಗೀರುಗಳಿದ್ದವು. ಅವರು ಕೇಳಿದಂತೆ ಎಲ್ಲವನ್ನೂ ಉಜ್ಜಿ ಹೊಳಪು ಕೊಟ್ಟೆವು. ವೀಣೆಯನ್ನು ಒಯ್ಯಲು ಬಂದಾಗ ಅವರು ಆ ಅಂಚನ್ನು ಬೆರಳಿನಿಂದ ಬಹಳ ಹೊತ್ತು ಸವರಿ ನೋಡಿ, ಅಜ್ಜಿ ಕೈಯೂರುತ್ತಿದ್ದ ಜಾಗ ಯಾವುದೆಂದು ನಮ್ಮನ್ನೇ ಕೇಳಿದರು. ತೋರಿಸಲು ನಮ್ಮಿಂದಾಗಲಿಲ್ಲ. ಕೆಲಸ ಹಿಡಿಯುವ ಮೊದಲೇ ಅವರಿಗೆ ತಿಳಿಹೇಳದಿದ್ದುದು ನಮ್ಮ ತಪ್ಪು.

ಇನ್ನು ಮುಂದೆ ಅರಗಿನ ಪಾಲಿಶ್ ಇರುವ ವೀಣೆಗಳಿಗೆ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಗೀರಿನ ಮೇಲಷ್ಟೇ ಹತ್ತಿಬಟ್ಟೆಯಿಂದ ತೀಡಿಕೊಡುತ್ತೇವೆ. ಹೊಸ ಅರಗು ಹಳೆಯದನ್ನು ತುಸು ಕರಗಿಸಿ ಅದರೊಡನೆ ಬೆರೆತುಕೊಳ್ಳುವುದರಿಂದ ತೇಪೆ ಎದ್ದು ಕಾಣುವುದಿಲ್ಲ. ತಂತಿ ಬದಲಿಸಲು ಬಂದಾಗ ಈ ಕೆಲಸಕ್ಕೆ ಬೇರೆ ಶುಲ್ಕವಿಲ್ಲ. ಮನೆಯಲ್ಲಿ ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಪಿರಿಟ್, ಸೀಮೆಎಣ್ಣೆ, ಪೀಠೋಪಕರಣಗಳ ಪಾಲಿಶ್ ಇವುಗಳನ್ನು ದಯವಿಟ್ಟು ಮುಟ್ಟಿಸಬೇಡಿ.

ಆದರೆ ಬಿರುಕನ್ನು ಗೀರೆಂದು ಭಾವಿಸಿ ಸುಮ್ಮನಿರಬಾರದು. ಗೀರು ಹೇಗೆಂದರೆ ಹಾಗೆ ಓಡಿ ಪಾಲಿಶ್‌ನಲ್ಲೇ ನಿಲ್ಲುತ್ತದೆ, ಬಿರುಕು ಸಾಮಾನ್ಯವಾಗಿ ಮರದ ಎಳೆಯ ಗುಂಟ ಸಾಗುತ್ತದೆ. ಅಂಥ ಗೆರೆಗೆ ಉಗುರು ಸಿಕ್ಕಿಕೊಂಡರೆ, ಇಲ್ಲವೇ ಕೊಡ ಮತ್ತು ದಂಡಿಯ ಬೆಸುಗೆಯಲ್ಲಿ ಸಂದು ಕಂಡರೆ, ತಂತಿಗಳನ್ನು ಸಡಿಲಿಸಿ ಕೂಡಲೇ ತನ್ನಿ. ಬಿರುಕು, ಬೆಸುಗೆ, ಮೆಟ್ಟಿಲುಗಳು, ಅವುಗಳನ್ನು ಕೂರಿಸಿರುವ ಮೇಣ ಇವುಗಳ ಕೆಲಸ ಎಂದಿನಂತೆಯೇ ನಡೆಯುತ್ತದೆ.

ಪೂರ್ತಿ ಪಾಲಿಶ್‌ಗೆಂದು ಈಗಾಗಲೇ ಮುಂಗಡ ಕೊಟ್ಟಿರುವವರು ರಸೀದಿ ತೋರಿಸಿ ಹಣವನ್ನು ಹಿಂಪಡೆಯಬಹುದು, ಅಥವಾ ಬೇರೆ ದುರಸ್ತಿಗೆ ಜಮಾ ಮಾಡಿಸಿಕೊಳ್ಳಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಕಾರ್ಯಾಗಾರದ ಕುಶಲಕರ್ಮಿಗಳು