ಬೀದರ್ ಕೋಟೆಯ ಮೂರು ಕಂದಕಗಳಿಗೆ ದಾರಿ ಮಾಡಿಕೊಡಿ

ಬೀದರ್ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ಗೌರವಪೂರ್ವಕ ವಂದನೆಗಳು.

ಕಳೆದ ಚಳಿಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಬೀದರ್ ಕೋಟೆಗೆ ಹೋಗಿದ್ದೆ. ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪನ್ನೂ ಸೋಲಾ ಖಂಬ ಮಸೀದಿಯ ಕಂಬಸಾಲನ್ನೂ ನೋಡಿ ಜನ ಹಿಂತಿರುಗುತ್ತಾರೆ. ನಾವೂ ಹಾಗೆಯೇ ಹೊರಟಿದ್ದೆವು. ಗೋಡೆಯಂಚಿಗೆ ಬಂದ ಮಗಳು ಕೆಳಗೆ ಇಣುಕಿ, "ಇಷ್ಟು ಆಳಕ್ಕೆ ಕಲ್ಲು ಕಡಿದವರು ಯಾರು?" ಎಂದು ಕೇಳಿದಾಗಲೇ ನಾವು ಕೋಟೆಯನ್ನು ಇನ್ನೂ ನೋಡಿಯೇ ಇಲ್ಲವೆಂದು ತಿಳಿದದ್ದು.

ಅವಳು ನೋಡಿದ್ದು ಕಂದಕವನ್ನು. ಬೀದರಿನ ಪ್ರಸ್ಥಭೂಮಿ ಉತ್ತರ ಮತ್ತು ಪೂರ್ವಕ್ಕೆ ಕಡಿದಾಗಿ ಇಳಿಯುವುದರಿಂದ ಆ ಕಡೆಗಳಿಗೆ ನೆಲವೇ ಕಾವಲು. ಬಯಲಿಗೆ ತೆರೆದ ದಕ್ಷಿಣದಲ್ಲಿ ಅಪಾಯ ಹೆಚ್ಚಿತ್ತು. 15ನೇ ಶತಮಾನದಲ್ಲಿ ಅಹ್ಮದ್ ಷಾ ಬಹಮನಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ, ಕಲ್ಲುಕುಟಿಗರು ಜಂಬಿಟ್ಟಿಗೆಯ ಹಾಸುಬಂಡೆಯನ್ನೇ ಕಡಿದು, ನಡುವೆ ಬಂಡೆಯ ಗೋಡೆಗಳನ್ನು ಹಾಗೆಯೇ ಉಳಿಸಿ, ಒಂದರ ಪಕ್ಕದಲ್ಲೊಂದು ಮೂರು ಕಂದಕಗಳನ್ನು ತೋಡಿದರು. ಒಂದನ್ನು ದಾಟಿದ ಶತ್ರುವಿಗೆ ಇನ್ನೆರಡು ಎದುರಾಗುತ್ತಿದ್ದವು, ಅಷ್ಟು ಹೊತ್ತೂ ಅವನು ಬುರುಜಿನ ಮೇಲಿನವರ ಗುರಿಗೆ ಸಿಕ್ಕಿರುತ್ತಿದ್ದ. ಕಲ್ಲಿನ ಈ ಕೆಲಸ ನನಗೆ ರಂಗೀನ್ ಮಹಲಿಗಿಂತ ಒಂದು ತೂಕ ಹೆಚ್ಚಾಗಿಯೇ ಕಂಡಿತು. ಜೇನುಗೂಡಿನಂತೆ ತೂತುತೂತಾದ ಆ ಕೆಂಪು ಬಂಡೆಯ ಮೇಲೆ ಕೈಯಾಡಿಸಿದರೆ ಅಂಗೈಗೆ ಕೆಮ್ಮಣ್ಣು ಹತ್ತುತ್ತದೆ.

ಹುಲಿಗಳ ಉಬ್ಬುಶಿಲ್ಪವಿರುವ ಶರ್ಜಾ ದರ್ವಾಜದಿಂದ ಗುಂಬದ್ ದರ್ವಾಜಕ್ಕೆ ಹೋಗುವ ದಾರಿಯೂ ಇದೇ ಎಚ್ಚರದಿಂದ ಬಳಸಿಕೊಂಡು ಸಾಗುತ್ತದೆ. ನುಗ್ಗಿ ಬರುವ ಆನೆಗಾಗಲಿ ಕುದುರೆಗಾಗಲಿ ನೇರ ಓಟ ಸಿಗಬಾರದು, ಅಷ್ಟೆ. 1657ರಲ್ಲಿ ಔರಂಗಜೇಬನ ಸೈನ್ಯ ಮುತ್ತಿಗೆ ಹಾಕಿದಾಗ ಕೋಟೆ ಹಲವು ದಿನ ತಡೆದು ನಿಂತಿತು. ಒಳಗಿನ ಮದ್ದಿನ ಸಂಗ್ರಹಕ್ಕೆ ಬೆಂಕಿ ಬಿದ್ದು ಕೋಟೆಯ ಅಧಿಕಾರಿ ಸಿದ್ದಿ ಮರ್ಜಾನ್ ಗಾಯಗೊಂಡ ಮೇಲೆಯೇ ಅದು ಆ ಸೈನ್ಯದ ವಶವಾದದ್ದು.

ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವುದರಿಂದ ಈ ಮಾತನ್ನು ದೆಹಲಿಗೆ ಮುಟ್ಟಿಸಬಲ್ಲವರು ತಾವೇ. ಕಂದಕದ ಅಂಚಿನಲ್ಲಿ ಕಟಕಟೆಯುಳ್ಳ ಕಾಲುದಾರಿಯೊಂದು ಬೇಕು. ಬಂಡೆಯ ಸಂದುಗಳಲ್ಲಿ ಬೇರಿಳಿಸುವ ಗಿಡಗಳನ್ನು ಪ್ರತಿ ಮಳೆಗಾಲದ ನಂತರ ತಿಳಿದವರ ಕೈಯಿಂದಲೇ ತೆಗೆಸಬೇಕು, ಏಕೆಂದರೆ ಅವಸರದಲ್ಲಿ ಕಿತ್ತರೆ ಬೇರಿನೊಂದಿಗೆ ಕಲ್ಲೂ ಬರುತ್ತದೆ. ಪ್ರತಿ ಬಾಗಿಲು, ಪ್ರತಿ ತಿರುವು ಯಾಕೆ ಹಾಗಿದೆಯೆಂದು ಹೇಳುವ ಕನ್ನಡ ಫಲಕಗಳೂ, ಬೀದರಿನ ಯುವಕ ಯುವತಿಯರಿಗೇ ಮಾರ್ಗದರ್ಶಕರ ತರಬೇತಿಯೂ ದೊರೆಯಲಿ. ದಖನ್ ಸುಲ್ತಾನರ ಸ್ಮಾರಕಗಳೊಂದಿಗೆ ಬೀದರ್ 2014ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿದೆ. ಆ ಪ್ರಸ್ತಾವವನ್ನು ಸಂಸತ್ತಿನಲ್ಲಿ ನೆನಪಿಸಬೇಕೆಂದೂ ವಿನಂತಿಸುತ್ತೇನೆ.

ತಾವು ಒಂದು ಬೆಳಿಗ್ಗೆ, ಬಿಸಿಲೇರುವ ಮುನ್ನ, ದಕ್ಷಿಣದ ಗೋಡೆಯುದ್ದಕ್ಕೂ ನಡೆದು ನೋಡಬೇಕು.

ಇಂತು ತಮ್ಮ ವಿಶ್ವಾಸಿ,
ಕೋಟೆಯನ್ನು ಮತ್ತೆ ನೋಡಲು ಬರಲಿರುವ ಒಬ್ಬ ಪ್ರವಾಸಿ